ಹೆಸರಿನ ಜಾಗದಲ್ಲಿ ಢಂ

ಮೊನ್ನೆ ಮಗಳ ಪುಸ್ತಕಗಳಿಗೆ ಕವರು ಹಾಕಲು ಕೂತಿದ್ದೆ. ಖಾಕಿ ಕಾಗದದ ಸುರುಳಿ ಬಿಚ್ಚಿದ್ದೇ ತಡ, ಆ ವಾಸನೆ ಮೂಗಿಗೆ ಬಂತು. ಹಸಿ ಕಟ್ಟಿಗೆಗೆ ಗಂಜಿ ಸುರಿದಂಥ ವಾಸನೆ. ದಾಂಡೇಲಿಯವನಿಗೆ ಕಾಗದದ ವಾಸನೆ ಏನು ಹೊಸದು ಅನ್ನುತ್ತೀರಿ. ಖರೆ. ಅಪ್ಪನ ಅಂಗಿಯಲ್ಲಿ, ಆಮೇಲೆ ಅಣ್ಣನ ಅಂಗಿಯಲ್ಲಿ ಅದನ್ನೇ ಮೂಸಿ ದೊಡ್ಡವನಾದೆ. ಆದರೆ ಖಾಕಿ ಕಾಗದ ಅಂದರೆ ನನಗೆ ಅವರು ದುಡಿದ ಕಾಗದದ ಮಿಲ್ಲು ನೆನಪಾಗುವುದಿಲ್ಲ. ನಮ್ಮ ವೈನಿ ನೆನಪಾಗುತ್ತಾರೆ. ತಲೆಗೆ ಖಾಕಿ ಕಾಗದದ ಚೀಲ ಕವುಚಿಕೊಂಡು, ಕಣ್ಣಿಗೆ ಎರಡು ತೂತು, ಬಾಯಿಗೊಂದು ದೊಡ್ಡ ತೂತು ಮಾಡಿಕೊಂಡು, ಮೈಕು ಹಿಡಿದು ಊರು ಎದ್ದು ಕೂಡುವ ಹಾಗೆ ಒದರುತ್ತಿದ್ದ ನಮ್ಮ ವೈನಿ...

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಮುಂಡಗೋಡ ಹತ್ತಿರದ ಸನವಳ್ಳಿಯವರು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದ ಗಂಟಲು ಅವರದು. ಮದುವೆಯಾಗಿ ಬಂದದ್ದು ನಮ್ಮ ಎರಡು ಖೋಲಿಯ ಕ್ವಾರ್ಟರ್ಸಿಗೆ. ಅಲ್ಲಿ ಬಾಜೂ ಮನೆಯವರು ಸೀನಿದರೂ ನಮಗೆ ಕೇಳಿಸುತ್ತಿತ್ತು. ನಮ್ಮ ಅವ್ವನ ಕಾಯಿದೆ ಒಂದೇ: "ಸೊಸಿ ಧ್ವನಿ ಹೊಸ್ತಿಲಾ ದಾಟಬಾರ್ದು." ಪಾಪ, ಆ ಗಂಟಲನ್ನು ವೈನಿ ಎಲ್ಲಿ ಬಚ್ಚಿಡಬೇಕು? ಹಿಟ್ಟು ನಾದುವಾಗ ಪರಾತ ಗುದ್ದುತ್ತಿದ್ದರು. ಅರಿವೆ ಒಗೆಯುವಾಗ ಕಲ್ಲು ಸೀಳುವ ಹಾಗೆ ಬಡಿಯುತ್ತಿದ್ದರು.

ನನಗೆ ಆಗ ಒಂದು ಹುಚ್ಚು ಹಿಡಿದಿತ್ತು. ಜೋಯಿಡಾ ಕಡೆಯ ಗೆಳೆಯನೊಬ್ಬ ಗೋವೆಯ ಹೋಟೆಲಿನಲ್ಲಿ ದುಡಿದು ಬಂದಿದ್ದ. ಬರುವಾಗ ಒಂದು ಗಿಟಾರು, ಮೊಬೈಲಿನ ತುಂಬ ಪರದೇಶದವರ ಕೂಗಾಟ ತಂದಿದ್ದ. ಪಂಕ್ ಅಂತೆ. ಮುಚ್ಚಿಹೋಗಿದ್ದ ಒಂದು ಸಾ ಮಿಲ್ಲಿನ ಶೆಡ್ಡಿನಲ್ಲಿ ಅವನು ಗಿಟಾರು ಕೆರೆಯುವುದು, ನಾನು ಗಣಪತಿ ಮೆರವಣಿಗೆಯ ತಾಶಾ ಮತ್ತು ಒಂದು ನೀಲಿ ಪ್ಲಾಸ್ಟಿಕ್ ಬ್ಯಾರಲ್ ಬಡಿಯುವುದು. ಹಾಡುವವರು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಅವ್ವ ಕರೆಯುತ್ತಾಳೆಂದು ಹೇಳಲು ವೈನಿ ಶೆಡ್ಡಿಗೆ ಬಂದರು. ಬಂದವರು ಬಾಗಿಲಲ್ಲೇ ನಿಂತು ಕೇಳಿದರು.

"ಇದೇನ್ ತಮ್ಮಾ, ಹಾಡೋ ಜಗಳೋ?"

ಗೆಳೆಯನ ಮನೆಮಾತು ಕೊಂಕಣಿ. ಅವನ ಕನ್ನಡದಲ್ಲಿ ಗಂಡು ಹೆಣ್ಣು ಎಲ್ಲ ಒಂದೇ. "ಇದಕ್ಕ ರಾಗ ಬ್ಯಾಡ ವೈನಿ, ಸಿಟ್ಟು ಬೇಕು" ಅಂದ.

"ಅಯ್ಯ ಶಿವನ, ಸಿಟ್ಟಿಗೇನ್ ಬರಗಾಲ ಬಂದೈತಿ? ಇಲ್ಲೆ ಕೊಡ್ರಿ ಅದನ್ನ" ಎಂದು ವೈನಿ ಮೈಕು ಕಸಿದುಕೊಂಡರು.

ಹಾಡಿದ್ದೇನು ಗೊತ್ತೇ? ಒಡಪು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯಬಾರದು, ಹಿಡಿದರೆ ಅವನ ಆಯುಷ್ಯ ಕಡಿಮೆ ಆಗುತ್ತದೆ ಅನ್ನುತ್ತಾರೆ. ಆದರೂ ಮದುವೆ ಮುಂಜಿಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ "ಹೆಸರ ಹೇಳು, ಹೆಸರ ಹೇಳು" ಎಂದು ಬೆನ್ನು ಹತ್ತುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರ ಬಾಲಕ್ಕೆ ಗಂಡನ ಹೆಸರು ಸಿಕ್ಕಿಸಿ ಹೇಳಿ ತಪ್ಪಿಸಿಕೊಳ್ಳಬೇಕು. ಅದೇ ಒಡಪು. ವೈನಿ ಅಂದು ಕಣ್ಣು ಮುಚ್ಚಿಕೊಂಡು ಒದರಿದರು:

ಹಿಟ್ಟ ನಾದಿ ರೊಟ್ಟಿ ತಟ್ಟಿ ಸುಟ್ಟಾವ ಐದು ಬೆರಳ,
ಹೆಸರ ಕೇಳಾಕ ಬಂದ ಮಂದಿ ಹಿಚುಕ್ಯಾರ ನನ್ನ ಕೊರಳ...

ಅಷ್ಟೇ. ಹೆಸರು ಬರಬೇಕಾದ ಜಾಗದಲ್ಲಿ ಬಾಯಿ ಮುಚ್ಚಿಬಿಟ್ಟರು. ಆ ಖಾಲಿ ಜಾಗ ನನಗೆ ತಡೆಯಲಾಗಲಿಲ್ಲ, ಬ್ಯಾರಲ್ಲಿಗೆ ಒಂದು ಬಿಟ್ಟೆ. ಢಂ! ಗೆಳೆಯ ಗಿಟಾರು ಕೆಳಗಿಟ್ಟು ಕೈ ಮುಗಿದ. ವೈನಿ ಏದುಸಿರು ಬಿಡುತ್ತ ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದೆ.

ಅಂದಿನಿಂದ ನಮ್ಮ ಬ್ಯಾಂಡು ಶುರು. ಹೆಸರೇನು ಇಡುವುದು ಎಂದರೆ ವೈನಿ, "ಹೆಸರಿನ ಕಾಟಕ್ಕ ಒದರಾಕತ್ತೇವಿ, ಮತ್ತ ಅದಕ್ಕೊಂದ ಹೆಸರ್ಯಾಕ?" ಅಂದರು. ಶೆಡ್ಡಿನಲ್ಲಿ ಮೊಬೈಲಿಗೆ ಹಿಡಿದ ಹಾಡುಗಳನ್ನು ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿ ತುಂಬಿ ಹಳಿಯಾಳ, ಮುಂಡಗೋಡಕ್ಕೆಲ್ಲ ಮುಟ್ಟಿಸಿದರು. ಹಾಡು ಹಚ್ಚಿದರೆ ಪರದೆಯ ಮೇಲೆ 'ಅನ್‌ನೋನ್ ಆರ್ಟಿಸ್ಟ್' ಎಂದು ಬರುತ್ತಿತ್ತಲ್ಲ, ಮಂದಿ ಅದೇ ಬ್ಯಾಂಡಿನ ಹೆಸರು ಅಂದುಕೊಂಡರು. ಆಟೋದವರು "ಏ ಅನ್‌ನೋನ್ ಆರ್ಟಿಸ್ಟ್ ಹಚ್ಚಲೇ" ಅನ್ನುವುದನ್ನು ಕಿವಿಯಾರೆ ಕೇಳಿದ್ದೇನೆ.

ಹಾಡಿಗೇನೋ ಕಾಲು ಬಂದವು, ನಮ್ಮ ಎದೆಯಲ್ಲಿ ಮಾತ್ರ ಅವಲಕ್ಕಿ ಕುಟ್ಟುತ್ತಿತ್ತು. ಅಣ್ಣನ ಪಾಳಿ ನೋಡಿಕೊಂಡು, ಮಿಲ್ಲಿನ ಭೋಂಗಾ ಕೂಗಿ ಅವನು ಗೇಟಿನೊಳಗೆ ಹೋದ ಮೇಲೆ ವೈನಿ ಹೊರಬೀಳಬೇಕು. ಅವ್ವನಿಗೆ ಹೇಳಿದ್ದು ಹೊಲಿಗೆ ಕ್ಲಾಸು. ಆ ಕ್ಲಾಸಿನಲ್ಲಿ ವೈನಿ ಹೊಲಿದದ್ದು, ಗುರುತು ಸಿಗದ ಹಾಗೆ ತಲೆಗೆ ಹಾಕಿಕೊಳ್ಳುವ ಆ ಖಾಕಿ ಚೀಲ ಒಂದೇ. "ಇಷ್ಟ ದಿನಾ ಆತು, ಒಂದ ಕುಬಸಾ ಹೊಲದ ತೋರಸಲಿಲ್ಲಲ್ಲ?" ಎಂದು ಅವ್ವ ಕೇಳಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಜಾರುತ್ತಿದ್ದೆ.

ಒಂದು ದಿನ ಅಣ್ಣ ಊಟಕ್ಕೆ ಕೂತು ಮೊಬೈಲಿನಲ್ಲಿ ಹಾಡು ಹಚ್ಚಿದ. ನಮ್ಮದೇ ಹಾಡು! ವೈನಿ ರೊಟ್ಟಿ ತಟ್ಟುತ್ತಿದ್ದವರು ಹಾಗೇ ಕಲ್ಲಾದರು. ಅಣ್ಣ ತಲೆ ಆಡಿಸುತ್ತ, "ಏನ್ ಒದರತಾನ ಮಗಾ! ಗಂಡಸಂದ್ರ ಇವ" ಅಂದ. ನಮ್ಮ ಗೆಳೆಯ ಎಲ್ಲರ ಮುಂದೆ 'ಅವ ಹಾಡತಾನ, ಅವ ಬರತಾನ' ಎಂದು ಹೇಳಿ ಹೇಳಿ, ಚೀಲದೊಳಗಿರುವುದು ಗಂಡಸು ಎಂದು ಅರ್ಧ ಊರು ನಂಬಿತ್ತು. ಅವ್ವನ ಕಿವಿ ಮಾತ್ರ ಬೇರೆ.

"ಗಂಡಸಲ್ಲೋ ಅದು, ಹೆಣ್ಣದರ ಧ್ವನಿ. ಥೂ, ಯಾರ ಮನಿ ಸೊಸೀನೋ ಏನೋ. ನನ್ನ ಸೊಸಿ ಆಗಿದ್ರ ಅವತ್ತ ತವರಮನಿ ಬಸ್ ಹತ್ತಿಸಿ ಬಾಗಲಾ ಹಾಕೊಂತಿದ್ದೆ."

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು. ಅಂದೇ ಅಣ್ಣ ಆ ಹಾಡನ್ನು ರಿಂಗ್‌ಟೋನ್ ಮಾಡಿಕೊಂಡ. ಅವನಿಗೆ ಫೋನು ಬಂದಾಗಲೆಲ್ಲ ಅವನದೇ ಹೆಂಡತಿ ಅವನ ಕಿಸೆಯಿಂದ ಒದರುತ್ತಿದ್ದಳು, ಅವನದೇ ಹೆಸರಿನ ಜಾಗದಲ್ಲಿ ನಾನು ಢಂ ಅನ್ನಿಸುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

"ಬಿಡೂಣು ವೈನಿ, ಸಾಕು" ಎಂದು ನಾನೇ ಅಂದೆ.

"ಬಿಡತೇನಿ ತಮ್ಮಾ. ಆದ್ರ ಬಿಟ್ಟ ಮ್ಯಾಲೆ ನಾ ಎಲ್ಲಿ ಒದರ್ಲಿ ಹೇಳು" ಅಂದರು.

ಹಳಿಯಾಳದ ಒಂದು ಕಾಲೇಜಿನ ಗ್ಯಾದರಿಂಗಿಗೆ ಕರೆದರು. ಎರಡನೆಯ ಹಾಡಿಗೇ ಕರೆಂಟು ತೆಗೆದರು, ಬರೀ ನನ್ನ ಬ್ಯಾರಲ್ಲಿನ ಪೆಟ್ಟಿಗೆ ಮಂದಿಯೇ ಉಳಿದ ಹಾಡು ಹಾಡಿ ಮುಗಿಸಿದರು. ಜೋಯಿಡಾದಲ್ಲಿ ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಗಸರು ಮಾತ್ರ ಹತ್ತಿರ ಬಂದು ಚೀಲದ ತೂತಿನಲ್ಲಿ ಇಣುಕಿ ನೋಡಿ ಸುಮ್ಮನೆ ಹೋದರು. ಎಲ್ಲ ಕಡೆಯೂ ಒಂದು ಆಟ ತಾನಾಗಿ ಬೆಳೆಯಿತು. ಹೆಸರಿನ ಜಾಗ ಬಂದಾಗ ಮಂದಿ ತಮಗೆ ಯಾರ ಮೇಲೆ ಸಿಟ್ಟೋ ಅವರ ಹೆಸರು ಕೂಗುತ್ತಿದ್ದರು. ಮೇಸ್ತ್ರಿಯ ಹೆಸರು, ಮಾವನ ಹೆಸರು, ಬಸ್ ನಿಲ್ಲಿಸದ ಕಂಡಕ್ಟರನ ಹೆಸರು.

ಕೊನೆಯದು ಮುಂಡಗೋಡ. ಸಂತೆಯ ದಿನ, ವಾಲಿಬಾಲ್ ಟೂರ್ನಮೆಂಟಿನ ಮೈದಾನ. ವೈನಿ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಬಂದಿದ್ದರು. ನಮಗೆ ಸ್ಟೇಜು ಅಂದರೆ ಒಂದು ಟ್ರ್ಯಾಕ್ಟರ್ ಟ್ರೇಲರು. ಅದರ ಬಾಜೂಕ್ಕೆ ಹ್ಯಾಲೊಜನ್ ಲೈಟಿನ ಕಬ್ಬಿಣದ ಕಂಬ ನಿಲ್ಲಿಸಿ, ಹಗ್ಗವನ್ನು ಟ್ರೇಲರಿಗೇ ಬಿಗಿದಿದ್ದರು. ಹೊತ್ತು ಮುಳುಗುತ್ತಿತ್ತು. ಹಾಡು ಶುರುವಾಯಿತು, ಮಂದಿ ಟ್ರೇಲರಿನ ಅಂಚು ಹಿಡಿದು ಕುಣಿಯತೊಡಗಿದರು.

ಆಗ ನೋಡಿದೆ. ಕಂಬದ ಬುಡದಲ್ಲಿ ನಮ್ಮ ಅಣ್ಣ! ಹೆಂಡತಿಯನ್ನು ಕರೆದೊಯ್ಯಲು ಸನವಳ್ಳಿಗೆ ಹೊರಟವನು, 'ಅನ್‌ನೋನ್ ಆರ್ಟಿಸ್ಟ್' ಬಂದಿದ್ದಾನೆಂದು ಕೇಳಿ ಇಳಿದುಬಿಟ್ಟಿದ್ದ. ಮೊಬೈಲ್ ಎತ್ತಿ ಹಿಡಿದು ನಮ್ಮನ್ನೇ ವಿಡಿಯೋ ಮಾಡುತ್ತಿದ್ದ. ನನ್ನನ್ನು ಕಂಡು ಕಣ್ಣರಳಿಸಿ ನಕ್ಕ. ಶೆಡ್ಡಿನಲ್ಲಿ ಸುಮ್ಮನೆ ಬಡಿಯುತ್ತಾನೆ ಅಂದುಕೊಂಡಿದ್ದ ತಮ್ಮ ಈ ಬ್ಯಾಂಡಿನಲ್ಲೇ ಇದ್ದಾನೆಂಬ ಖುಷಿ ಅದು. ವೈನಿಯೂ ನೋಡಿದ್ದರು, ಚೀಲ ಒಂದು ಕ್ಷಣ ಅಲುಗಾಡದೆ ನಿಂತಿತು. ಆದರೂ ಹಾಡು ಬಿಡಲಿಲ್ಲ. ಬಿಟ್ಟರೆ ಸಿಕ್ಕಿಬಿದ್ದ ಹಾಗೇ.

ಬ್ಯಾರಲ್ ಬಡಿಯುತ್ತಿದ್ದ ನನಗೆ ಕಾಣದ್ದು ವೈನಿಗೆ ಕಂಡಿತು. ಕುಣಿಯುವವರ ಎಳೆತಕ್ಕೆ ಹಗ್ಗ ಕಳಚಿ ಕಂಬ ವಾಲುತ್ತಿತ್ತು. ಅಣ್ಣ ಮೊಬೈಲಿನೊಳಗೆ ಮುಳುಗಿದ್ದ.

"ರೀ!" ಎಂದು ವೈನಿ ಮೈಕಿನಲ್ಲಿ ಕೂಗಿದರು. "ರೀ! ರೀ! ಸರೀರಿ!"

ಏನು ಹೇಳಲಿ... ಅಲ್ಲಿದ್ದ ಗಂಡಸರೆಲ್ಲ ಯಾರಿಗೋ ಒಬ್ಬರಿಗೆ 'ರೀ'ನೇ. ಮಂದಿ ಇದೂ ಹಾಡೇ ಅಂದುಕೊಂಡು ಕೈ ಎತ್ತಿ ತಿರುಗಿ "ರೀ! ರೀ!" ಎಂದು ಕೂಗಿದರು. ಅಣ್ಣನೂ ನಗುತ್ತ "ರೀ!" ಅಂದ.

ವೈನಿ ತಲೆಯ ಚೀಲ ಕಿತ್ತು ಒಗೆದರು. ನನ್ನ ಕಡೆ ತಿರುಗಿ ಕೈ ಎತ್ತಿದರು, ನನ್ನ ಕೋಲು ಗಾಳಿಯಲ್ಲೇ ನಿಂತಿತು. ಆ ಮೌನದಲ್ಲಿ, ಒಡಪಿಲ್ಲದೆ, ಪ್ರಾಸವಿಲ್ಲದೆ, ಬರೀ ಅಣ್ಣನ ಹೆಸರು ಹಿಡಿದು ಕೂಗಿದರು. ಅಪ್ಪ ಬೈದು ಕರೆಯುವ ಹಾಗೆ, ಏಕವಚನದಲ್ಲಿ.

ಅಣ್ಣ ಬೆಚ್ಚಿ ತಲೆ ಎತ್ತಿದ. ಕಂಬ ನೋಡಿದ. ಹಾರಿ ಬದಿಗೆ ಬಿದ್ದ. ಅವನು ನಿಂತಿದ್ದ ಜಾಗದಲ್ಲಿ ಕಂಬ ಬಂದು ಬಡಿಯಿತು, ಗಾಜು ಸಿಡಿಯಿತು. ಯಾರಿಗೂ ಏನೂ ಆಗಲಿಲ್ಲ, ಶಿವನ ಪುಣ್ಯ. ಆದರೆ ದಾಂಡೇಲಿಯಿಂದ ಬಂದವರು ನಾಲ್ಕು ಮಂದಿ ಅಲ್ಲಿದ್ದರು. ನಾವು ಬಸ್‌ಸ್ಟ್ಯಾಂಡು ಮುಟ್ಟುವ ಮೊದಲೇ ಸುದ್ದಿ ಅವ್ವನ ಕಿವಿ ಮುಟ್ಟಿತ್ತು.

ಬಸ್ಸಿನಲ್ಲಿ ಅಣ್ಣ ನನ್ನ ಬಾಜೂಕ್ಕೆ ಕೂತ. ವೈನಿ ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತಿದ್ದರು. ಇವನು ಈಗ ಬೈಯುತ್ತಾನೆ, ಈಗ ಹೊಡೆಯುತ್ತಾನೆ ಎಂದು ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಹಳಿಯಾಳ ಬಂದಾಗ ಅಣ್ಣ ಇಳಿದು ಹೋದ. ನೀರಿನ ಬಾಟಲಿ ತಂದು ವೈನಿಯ ಮುಂದೆ ಹಿಡಿದ.

"ಕುಡಿ. ಗಂಟಲಾ ಒಣಗಿರಬೇಕು."

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕೂತಿದ್ದಳು. "ಕುಣದ್ಲಂತ, ಒದರಿದ್ಲಂತ, ಅದೆಲ್ಲಾ ಹಾಳಾಗಿ ಹೋಗ್ಲಿ. ಗಂಡನ ಹೆಸರ ಹಿಡದ್ಲಂತಲ್ಲೋ! ನನ್ನ ಮಗನ ಆಯುಷ್ಯ ತಿಂದ್ಲಲ್ಲೋ!"

"ಅವ್ವಾ" ಅಂದ ಅಣ್ಣ, "ಆಕಿ ಹೆಸರ ಹಿಡದ್ಲಂತನ ನಾ ಜೀವಂತ ನಿಂತೇನಿ. ತವರಮನಿ ಬಸ್ ಹತ್ತಸೂದಿದ್ರ ನನ್ನೂ ಹತ್ತಿಸು." ಮತ್ತೆ ವೈನಿಯ ಕಡೆ ತಿರುಗಿ, "ನಾಳೆಯಿಂದ ಚೀಲಾ ಇಲ್ಲದ ಹಾಡು" ಅಂದ.

ಅಲ್ಲಿಗೆ ಗೆದ್ದೆವು ಅಂದುಕೊಂಡೆ. ಎಲ್ಲಿಯ ಗೆಲುವು... ವೈನಿ ಮತ್ತೆ ಹಾಡಲಿಲ್ಲ. ಅವ್ವನ ಮಾತು ಬೇರೆ ಯಾರಿಗೆ ತಾಗದಿದ್ದರೂ ಅವರಿಗೆ ತಾಗಿತ್ತು. ಊರೆಲ್ಲ ನಡುಗುವ ಹಾಗೆ ಒದರಿದ ಹೆಣ್ಣುಮಗಳು, ಗಂಡನ ಹೆಸರು ಹಿಡಿದದ್ದಕ್ಕೆ ಒಳಗೊಳಗೇ ಹೆದರಿಹೋದಳು. ಪಾಳಿ ಬಿಡುವ ಭೋಂಗಾ ಕೂಗಿದರೆ ಬಾಗಿಲಿಗೆ ಬಂದು ನಿಲ್ಲುವರು, ಅಣ್ಣ ಕಾಣುವ ತನಕ ಕುಡಿಯಲು ನೀರೂ ಮುಟ್ಟುತ್ತಿರಲಿಲ್ಲ. ಶೆಡ್ಡಿಗೆ ಕರೆಯಲು ಹೋದರೆ ಕೈ ಮುಗಿದರು. "ಬ್ಯಾಡ ತಮ್ಮಾ. ಧ್ವನಿ ದೇವರಿಗೆ ಕೊಟ್ಟೇನಿ, ಅವರ ಆಯುಷ್ಯ ಬೇಡಿಕೊಂಡೇನಿ. ಮಾತ ಕೊಟ್ಟ ಮ್ಯಾಲೆ ಹೆಂಗ ತಿರುಗಿ ಇಸಕೊಳ್ಲಿ?" ನನಗೆ ಸಿಟ್ಟು ಬಂತು. ದೇವರ ಮೇಲೋ, ಅವ್ವನ ಮೇಲೋ, ವೈನಿಯ ಮೇಲೋ ಗೊತ್ತಾಗಲಿಲ್ಲ. ಬ್ಯಾರಲ್ಲನ್ನು ಹಿತ್ತಲಿಗೆ ತಂದು ನೀರು ತುಂಬಲು ಇಟ್ಟೆ.

ಅಣ್ಣ ಈಗಲೂ ಗುಂಡುಕಲ್ಲಿನ ಹಾಗೆ ಇದ್ದಾನೆ. ಹೋದದ್ದು ವೈನಿ. ಕಣ್ಣು ಮೈಯೆಲ್ಲ ಹಳದಿಯಾಯಿತು, ಕಾಮಣಿ ಅಂದರು, ಹುಬ್ಬಳ್ಳಿಗೆ ಒಯ್ದೆವು, ಹಣ್ಣಾಗಿದ್ದ ದೇಹ ಹಾಗೇ ತಿರುಗಿ ಬಂತು. ಅವ್ವ ಎದೆ ಬಡಿದುಕೊಂಡು ಅತ್ತಳು, "ನನ್ನ ಮಗನ ಆಯುಷ್ಯ ತಿಂದ್ಲು ಅಂತಿದ್ದೆ, ತನ್ನ ಆಯುಷ್ಯಾನ ಕೊಟ್ಟ ಹ್ವಾದ್ಲಲ್ಲೋ" ಎಂದು. ಆ ಮಾತು ನನಗೆ ಇಂದಿಗೂ ಸಹಿಸಲಾಗುವುದಿಲ್ಲ.

ಖಾಕಿ ಕಾಗದ ಮಡಚುತ್ತ ಇದನ್ನೆಲ್ಲ ನೆನೆಸುತ್ತ ಕೂತಿದ್ದೆ. ಅಣ್ಣ ಬಾಜೂಕ್ಕೆ ಕೂತು ಕತ್ತರಿ ಹಿಡಿದು ಕಾಗದ ಕತ್ತರಿಸಿ ಕೊಡುತ್ತಿದ್ದ. ಅವನ ಮೊಬೈಲು ರಿಂಗಾಯಿತು. ಅದೇ ರಿಂಗ್‌ಟೋನ್. ಎಷ್ಟೋ ಮೊಬೈಲು ಬದಲಾದರೂ ಅದನ್ನು ಬಿಟ್ಟಿಲ್ಲ. ಹಿಟ್ಟ ನಾದಿ, ರೊಟ್ಟಿ ತಟ್ಟಿ... ಅಣ್ಣ ಕತ್ತರಿ ಕೆಳಗಿಟ್ಟ, ಆದರೆ ಫೋನು ಎತ್ತಲಿಲ್ಲ.

"ಎತ್ತೋ ಅಣ್ಣಾ, ಯಾಕ ಕುಂತಿ?" ಅಂದೆ.

"ತಡಿಯೋ" ಅಂದ, "ಹೆಸರ ಬರ್ಲಿ."

ವೈನಿ ಇದ್ದಷ್ಟು ದಿನ ನಮ್ಮ ಅಣ್ಣ ಅವರನ್ನು 'ಏ', 'ಇಕಿನ', 'ಕೇಳಿಲ್ಲೆ' ಎಂದದ್ದು ಬಿಟ್ಟರೆ ಹೆಸರು ಹಿಡಿದು ಕರೆದವನಲ್ಲ. ಬೆರಳ, ಕೊರಳ ಮುಗಿದವು. ಬ್ಯಾರಲ್ಲಿನ ಮೇಲೆ ನನ್ನ ಕೈಯ ಪೆಟ್ಟು ಬಿತ್ತು. ಅದರೊಳಗೆ ಸೇರಿಸಿ ಅಣ್ಣ ಮೆಲ್ಲಗೆ ವೈನಿಯ ಹೆಸರು ಹೇಳಿದ. ಆಮೇಲೆ ಫೋನು ಎತ್ತಿ, "ಹಾಂ, ಹೇಳ್ರಿ" ಅಂದ.