ಅತ್ತೆಯಾದ ಅಜ್ಜಿಯ ಮನೆ

ನನ್ನ ಗಂಡ ನನ್ನ ಸೋದರಮಾವ. ಅತ್ತೆ ನನ್ನ ತಾಯಿಯನ್ನು ಹೆತ್ತವಳು. ಇಷ್ಟು ಗೊತ್ತಿದ್ದರೆ ನಮ್ಮ ಮನೆತನದ ಜಾಣತನ ಎಂಥದ್ದೆಂದು ತಿಳಿಯುತ್ತದೆ.

ಮಗನಿಗೆ ವರ್ಷ ತುಂಬುವ ಹೊತ್ತಿಗೆ, ನೆಟ್ಟಗೆ ನಿಲ್ಲುತ್ತಿದ್ದ ಕತ್ತು ಮತ್ತೆ ಜೋತುಬಿತ್ತು. ಜೀವಕೋಶಗಳಿಗೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಸೋತಿವೆ, ಅದಕ್ಕೇ ಮಿದುಳು ಬಳಲುತ್ತಿದೆ ಎಂದ ವಿಜಯಪುರದ ಡಾಕ್ಟರು ನಮ್ಮ ಮೂವರ ರಕ್ತವನ್ನು ತಪಾಸಣೆಗೆ ಕಳಿಸಿದರು.

ವರದಿ ಬರುವ ತನಕ ಕಾಯುವ ಪುರುಸೊತ್ತು ಗಂಡನಿಗೆಲ್ಲಿ? ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವ ಮಹಾನುಭಾವ ಮೊಬೈಲಿನಲ್ಲಿ ಅರ್ಧಂಬರ್ಧ ಓದಿ, ಟಿಕೋಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟ: "ಮೈಟೊಕಾಂಡ್ರಿಯಾ ತಾಯಿಯಿಂದನ ಬರೂದು. ನಂದೇನೂ ಇಲ್ಲ."

"ಹಂಗಾರ ನನಗ ನಮ್ಮವ್ವನಿಂದ ಬಂತು. ಅಕಿಗೆ ಯಾರಿಂದ ಬಂತು, ಮಾವಾ? ನಿಮ್ಮವ್ವನಿಂದನ ಹೌದಿಲ್ಲೋ?" ಎಂದೆ.

ಅವನು ಮತ್ತೆ ಮೊಬೈಲ್ ತಿಕ್ಕತೊಡಗಿದ. ಅಜ್ಜಿ ಬಿಡುವವಳೇ? "ಇಕಿ ಹೊಟ್ಟಿನ ಕೆಟ್ಟಿದ್ರ ನನ್ನ ಮಗ ಏನ ಮಾಡ್ಯಾನು?" ಎಂದವಳು, ಅದೇ ಬಾಯಲ್ಲಿ ನನ್ನ ತಂಗಿಯನ್ನು ತನ್ನ ಕಿರಿಯ ಮಗನಿಗೆ ತಂದುಕೊಳ್ಳುವ ಮಾತೆತ್ತಿದಳು. ಎಲಾ ಇವಳ! ನನ್ನ ಹೊಟ್ಟೆ ಕೆಟ್ಟದ್ದಂತೆ, ತಂಗಿಯದು ಚೊಕ್ಕ ಬಂಗಾರವಂತೆ. ನನಗೆ ಹೇಸಿಕೆಯಾಯಿತು.

ವರದಿ ಬಂತು. "ಇದು ಬರೇ ತಾಯಿಯಿಂದ ಬಂದದ್ದಲ್ರಿ," ಡಾಕ್ಟರು ಗಂಡನನ್ನೇ ನೋಡಿ ಹೇಳಿದರು. "ಮೈಟೊಕಾಂಡ್ರಿಯಾ ನಡಸೂ ಜೀನ್ ಭಾಳ ಅದಾವ, ತಂದಿಯಿಂದೂ ಬರ್ತಾವ. ನಿಮ್ಮಿಬ್ಬರಲ್ಲೂ ಅದೇ ದೋಷ ಒಂದೊಂದು ಐತಿ. ಮಗನಿಗೆ ಎರಡೂ ಸೇರ್ಯಾವ. ಮನ್ಯಾಗ ಮತ್ತ ಇಂಥಾ ಲಗ್ನ ಮಾಡಬ್ಯಾಡ್ರಿ." ಮನೆ ಮುಟ್ಟುವವರೆಗೂ ಮಹಾನುಭಾವ ಮೊಬೈಲ್ ಹೊರಗೆ ತೆಗೆಯಲಿಲ್ಲ.

ಆ ವಾರವೇ ಅವ್ವ ಸಾರವಾಡದಿಂದ ತಂಗಿಯನ್ನು ಕರೆದುಕೊಂಡು ಲಗ್ನ ಗೊತ್ತು ಮಾಡಲು ಬಂದಳು. ಡಾಕ್ಟರು ಹೇಳಿದ್ದನ್ನೆಲ್ಲ ಎಲ್ಲರೆದುರು ಹೇಳಿದೆ. ಅಜ್ಜಿ ಎಲೆ-ಅಡಿಕೆ ಜಗಿಯುತ್ತಲೇ, "ನಿಮ್ಮವ್ವಗ ಇಬ್ರೂ ಹೆಣ್ಣ. ಇಕಿನ್ನ ಹೊರಗ ಕೊಟ್ರ ಸಾರವಾಡದ ಹೊಲ ಯಾರ ಪಾಲು ಬೇ?" ಎಂದಳು. ಅವ್ವ ಹೌದೆಂದು ತಲೆಯಾಡಿಸಿದಳು. ನಾಚಿಕೆಗೆಟ್ಟ ಜನ!

ನಾನು ಎದ್ದೆ. ಮಗನನ್ನು ತಂಗಿಯ ತೊಡೆಯ ಮೇಲೆ ಮಲಗಿಸಿದೆ. ಅವಳು ಕತ್ತಿಗೆ ಕೈಕೊಟ್ಟು ಎತ್ತಿದಳು. ಕೈ ಸಡಿಲವಾದೊಡನೆ ಅದು ಹಿಂದಕ್ಕೆ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು.

"ನಾ ಒಲ್ಲೆ," ಅಂದಳು ಅಳುತ್ತ.

ಎಲ್ಲರೂ ಅವಳ ಮೇಲೆ ಏರಿ ಬಂದರು. ನಾನು ಅಡ್ಡ ನಿಂತೆ. ನನ್ನ ಲಗ್ನ ಗೊತ್ತು ಮಾಡಿದ ದಿನ ಇದೇ ಪಡಸಾಲೆಯಲ್ಲಿ ನಾನೂ ಹಾಗೇ ಅಂದಿದ್ದೆ, ಅತ್ತೂ ಇದ್ದೆ. ಅಡ್ಡ ನಿಲ್ಲಲು ಒಬ್ಬರೂ ಎದ್ದಿರಲಿಲ್ಲ.