ಹೊಸ್ತಿಲಿಲ್ಲದ ಫ್ರೆಂಚ್ ಬಂಗಲೆ

ಸಯನ್‌ನಿಂದ ನಾನು ಹೊರಟದ್ದು ಜಗಳಕ್ಕೆಂದೇ. ತಂಗಿ ಶಾರದೆಗೆ ಎಂಟು ತಿಂಗಳು ತುಂಬಿತ್ತು. ಹೆರಿಗೆಗೆ ನನ್ನ ಮನೆಗೆ ಬಾ ಎಂದರೆ, ಒಡೆಯಬೇಕಾದ ಹಳೆಯ ಬಂಗಲೆಯೊಂದರಲ್ಲಿ ಗಂಡನ ಜೊತೆ ಕೂತು, "ಮನಿ ಬಿಟ್ಟು ಹೆಂಗ ಬರ್ಲಿ ಅಕ್ಕಾ?" ಎಂದು ಫೋನಿನಲ್ಲಿ ರಾಗ ಎಳೆಯುತ್ತಿದ್ದಳು. ಯಾರಪ್ಪನ ಮನೆಯಂತೆ! ಲೋಕಲ್ ಹಿಡಿದು ಮುಂದಿನ ಸ್ಟೇಷನ್ ಕುರ್ಲಾದಲ್ಲಿ ಇಳಿದೆ. ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಸೀರೆ ಬೆವರಿಗೆ ಮೈಗಂಟಿತು. ವಡಾಲದ ಕಡೆಯಿಂದ ಬಂದ ಹಾರ್ಬರ್ ಗಾಡಿಯಲ್ಲಿ ಚೆಂಬೂರಿಗೆ ಹೋಗಿ, ವಡಾಪಾವ್ ತಿಂದು, ರಿಕ್ಷಾ ಹತ್ತಿದೆ.

ಮುತ್ತಿನ ವ್ಯಾಪಾರಿಯೊಬ್ಬ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಜಮೀನ್ದಾರರ ಮನೆ ನೋಡಿ ಮರುಳಾಗಿ, ಅದರ ನಕಲಾಗಿ ಈ ಬಂಗಲೆ ಕಟ್ಟಿಸಿದ್ದನಂತೆ. ಮೊಮ್ಮಕ್ಕಳು ಬಿಲ್ಡರನಿಗೆ ಮಾರಿದ್ದರು. ಕಡಿದಾದ ಕಪ್ಪುಕಲ್ಲಿನ ಮಾಡು, ಮಾಡಿನಲ್ಲೇ ಮೂಡಿದ ಪುಟ್ಟ ಕಿಟಕಿಗಳು, ಕೆಳಗೆ ಆಳೆತ್ತರದ ಕಿಟಕಿಗಳಿಗೆ ಮರದ ಪಟ್ಟಿಯ ಬಾಗಿಲು. ಎಡಕ್ಕಿದ್ದುದೆಲ್ಲ ಬಲಕ್ಕೂ ಇತ್ತು. ಬಲತುದಿಯ ಕಿಟಕಿ ಮಾತ್ರ ಮುಚ್ಚಿತ್ತು.

ಗೇಟಿಗೆ ಬಂದ ಶಾರದೆಯ ಗಂಡ ಮಲ್ಲಪ್ಪನನ್ನು ಅದೇಕೆಂದು ಕೇಳಿದೆ. ವಿಜಯಪುರದವನು, ಹಳೆ ಕಟ್ಟಡ ಒಡೆಯುವ ಕಾಂಟ್ರ್ಯಾಕ್ಟರ್; ಕೆಲಸ ಮುಗಿಯುವ ತನಕ ಇಲ್ಲೇ ವಾಸ.

"ಅದು ಕಿಟಕಿ ಅಲ್ರೀ ಅಕ್ಕಾರ, ಬರೇ ಬಣ್ಣ. ಎಡಕ್ಕ ಒಂದೈತಿ, ಬಲಕ್ಕೂ ಜೋಡಿ ಕಾಣ್ಲಿ ಅಂತ ಗ್ವಾಡಿ ಮ್ಯಾಲೆ ಬರದಾರ. ಹಿಂದ ಖೋಲೀನ ಇಲ್ಲ."

ಒಳಗೆ ಕೋಣೆಗಳ ಬಾಗಿಲೆಲ್ಲ ಒಂದೇ ಸಾಲಿನಲ್ಲಿದ್ದವು. ಮೊದಲನೆಯದರಲ್ಲಿ ನಿಂತರೆ ಕೊನೆಯದು ಕಾಣುತ್ತಿತ್ತು. ಆ ಸೆಖೆಯಲ್ಲೂ ತಣ್ಣಗಿತ್ತು. ಬಲತುದಿಯ ಕೋಣೆಯಲ್ಲಿ ಶಾರದೆ ನೆಲ ಒರೆಸುತ್ತಿದ್ದಳು. ಒಡೆಯುವ ಕೆಲಸ ಏಕೆ ನಿಂತಿದೆ ಎಂದಾಗ ಮಲ್ಲಪ್ಪ ದನಿ ತಗ್ಗಿಸಿದ.

"ಒಡಿಯೂ ಮುಂದ ಹೊಸ್ತಿಲಾ ಪೂಜಾ ಮಾಡಿ ಮನಿ ಅಪ್ಪಣೆ ಕೇಳೂದು ನಮ್ಮ ಪದ್ಧತಿರಿ. ಇಲ್ಲಿ ಹೊಸ್ತಿಲಾನ ಇಲ್ಲ, ಕಲ್ಲು ಸಪಾಟ. ಅದಕ್ಕ ಸಾಗವಾನಿ ತುಂಡೊಂದು ಕೂಡ್ಸಿದೆ. ಅಕಿ ಅರಿಶಿಣ ಹಚ್ಚಿ ಪೂಜಾ ಮಾಡಿದ್ಲು."

"ಹುಚ್ಚಪ್ಪಾ! ಹೊಸ್ತಿಲಾ ಕೂಡ್ಸೂದು ಹೊಸಾ ಮನಿಗೆ. ಒಡಿಯೂ ಮನಿಗೆ ಗೃಹಪ್ರವೇಶ ಮಾಡ್ಸಿದಿಯಲ್ಲೋ!"

"ಹೌದ್ರಿ. ಅವತ್ತಿಂದ ಅಕಿ ಅದನ್ನ ದಾಟಿ ಹೊರಗ ಬಂದಿಲ್ಲ."

ಶಾರದೆ ನನ್ನ ಕೈ ಹಿಡಿದು ತುದಿಯ ಕೋಣೆಯ ಬೋಳು ಗೋಡೆಯ ಮುಂದೆ ನಿಲ್ಲಿಸಿದಳು. "ಇದರಾಚೆ ಖೋಲಿ ಭಾಳ ಚಲೋ ಐತಿ ಅಕ್ಕಾ. ಕಿಟಕಿ ಐತಿ, ಗಾಳಿ ಬರ್ತದ. ಕೂಸಿನ ತೊಟ್ಲಾ ಅಲ್ಲೇ ಕಟ್ಟೂದು. ಅವರೂ ಹ್ಞೂಂ ಅಂದಾರ."

"ಯಾರ?"

"ಮೊದಲಿಂದ ಇಲ್ಲಿ ಇದ್ದವರು."

ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಜಗಳವೆಲ್ಲ ಎಲ್ಲಿ ಹೋಯಿತೋ, ಅಳುತ್ತಲೇ ಅಂಗಲಾಚಿದೆ: "ಕೂಸಿನ ಸಲುವಾಗಿ ಆದ್ರೂ ಬಾರವ್ವಾ." ಅವಳು ಗೋಡೆಯತ್ತ ನೋಡಿ, ನನ್ನ ಕಡೆ ತಿರುಗಿದಳು.

"ಹೊಸ್ತಿಲಾ ಸಂಗಾಟ ತಗೊಂಡ್ರ ಬರ್ತೀನಿ."

ಅಷ್ಟೇ ತಾನೇ! ಒಂದು ಮರದ ತುಂಡು! ಅವಳ ಮನಸ್ಸು ಬದಲಾಗುವ ಮೊದಲೇ ಮಲ್ಲಪ್ಪ ಹಾರೆ ಹಾಕಿ ಅದನ್ನು ಎಬ್ಬಿಸಿದ. ಶಾರದೆ ನಗುತ್ತ ಹೊರಬಂದಳು. ಬಸುರಿಗೆ ಲೋಕಲ್ ಬೇಡವೆಂದು ಟ್ಯಾಕ್ಸಿ ಮಾಡಿದೆವು. ಮಲ್ಲಪ್ಪ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ. ಹಿಂದೆ ನಾವಿಬ್ಬರೇ, ಆದರೂ ಅವಳು ದಾರಿಯುದ್ದಕ್ಕೂ ನನ್ನನ್ನು ಒತ್ತಿಕೊಂಡೇ ಕೂತಿದ್ದಳು. ಆಚೆ ಸರಿ ಮಾರಾಯ್ತಿ ಎಂದರೆ, "ಜಾಗಾ ಇಲ್ಲಕ್ಕಾ," ಎಂದಳು. ಗೆದ್ದ ಖುಷಿಯಲ್ಲಿ ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಯನ್ ತಲುಪಿದಾಗ ಬಿಸಿಲಿನ್ನೂ ಇತ್ತು. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮೇಲೆ ಬಂದು, ಮೂವರೂ ಫ್ಲ್ಯಾಟಿನ ಒಳಗೆ ಹೋದೆವು. ನಾನು ಚಹಾಕ್ಕೆ ನೀರಿಟ್ಟು ಹಿಂದಿರುಗುವಷ್ಟರಲ್ಲಿ ಶಾರದೆ ಆ ತುಂಡನ್ನು ನನ್ನ ಬಾಗಿಲಿಗೆ ಅಡ್ಡ ಇಟ್ಟು, ಅರಿಶಿಣ ಕುಂಕುಮ ಹಚ್ಚಿ ಮುಗಿಸಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ಒಂದು ಬದಿಗೆ ಸರಿದು, ಯಾರೂ ಇಲ್ಲದ ಮೆಟ್ಟಿಲ ಕಡೆ ತಿರುಗಿ ಹೇಳಿದಳು:

"ಬರ್ರಿ, ಒಳಗ ಬರ್ರಿ. ಮನಿ ಸಣ್ಣದೈತಿ, ಹೊಂದ್ಕೊಳ್ರಿ."