ಹನುಮಂತನ ರಜೆ ಅರ್ಜಿ

"ಅರ್ಜಿ ಕೊಟ್ಟರೂ ಹುಡುಗನ್ನ ಬಿಡಲಿಲ್ಲಲ್ರಿ ಮಾಸ್ತರ್ರ?" ಯಲಬುರ್ಗಾದ ನಮ್ಮ ಶಾಲೆಯ ಬಾಗಿಲಲ್ಲಿ ಹನುಮಂತನ ಅಜ್ಜ ಒಂದು ಹಾಳೆ ಹಿಡಿದು ನಿಂತಿದ್ದ. ಹಿಂದಿನ ದಿನ ನಾನೇ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಏಳು ಹಾಕಿದ ಉರ್ದು ಹಾಳೆ. "ಅವರವ್ವ ನಿನ್ನೆ ಮಧ್ಯಾಹ್ನ ಹೋದ್ಲ್ರಿ. ಮಗ ಬಂದನೇನು ಅಂತ ಕೇಳ್ಕೋಂತನ ಹೋದ್ಲು."

ನಿಜಾಮರ ಸರ್ಕಾರದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ಮಕ್ಕಳಿಗೆ ನಾನು ತಿಂಗಳುಗಟ್ಟಲೆ ಉರ್ದುವಿನಲ್ಲಿ ಬರೆಸಿದ್ದು ಒಂದೇ ಪಾಠ: "ತಾಯಿಗೆ ಜ್ವರ, ರಜೆ ಕೊಡಬೇಕು." ತಪಾಸಣೆಗೆ ಬರುವ ಸಾಹೇಬರು ಅದನ್ನೇ ಕೇಳಿಯಾರೆಂಬ ಚಿಂತೆ, ಚಿಂತೆಗೆ ನನ್ನಲ್ಲಿ ಎಂದೂ ಬರವಿಲ್ಲ. ಬಾಯಲ್ಲಿ ಕೇಳಿದರೆ ರಜೆಯಿಲ್ಲ, ಬರೆದೇ ತರಬೇಕು ಎಂದವನೂ ನಾನೇ. ಆ ಹಿಂದಿನ ದಿನ ಹನುಮಂತ ಅದನ್ನೇ ಬರೆದು ತಂದ. ನಾನು ಅಭ್ಯಾಸದ ಹಾಳೆಯೆಂದುಕೊಂಡು, "ಛಲೋ ಬರದೀಯೋ, ಹೋಗಿ ಕುಂಡ್ರು" ಎಂದೆ. ರಜೆ ಸಿಗಲಿಲ್ಲವೆಂದು ತಿಳಿದ ಹುಡುಗ ಸಂಜೆಯ ಗಂಟೆಯವರೆಗೂ ಕೈಕಟ್ಟಿ ಕುಳಿತಿದ್ದ.

ಈಗ ಅರ್ಜಿಯಲ್ಲಿ ಅಣ್ಣನ ಮದುವೆ ಎಂದು ಬರೆಸುತ್ತೇನೆ. ಆದರೂ ಹಾಳೆ ಕೈಗೆ ಬಂದರೆ, ಶಾಯಿ ಮುಟ್ಟುವ ಮೊದಲು, "ಮನ್ಯಾಗ ಎಲ್ಲಾರೂ ಆರಾಮ ಅದಾರೇನೋ?" ಎಂದು ಕನ್ನಡದಲ್ಲೇ ಕೇಳುತ್ತೇನೆ. ಹನುಮಂತನನ್ನು ಮಾತ್ರ ಇನ್ನೂ ಕೇಳಿಲ್ಲ.